ಮಾಲೇರಿಯ ಪ್ಯಾರಾಸೂಕಸ್: ಮೂಗು ನೋಡಿ, ಮೂತಿಗೆ ಮೋಸಹೋಗಬೇಡಿ

ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ಮಾಲೇರಿ ಪದರಗಳ ಕೆಂಪು ಜೇಡಿಗಲ್ಲಿನಲ್ಲಿ ಸಿಕ್ಕ ಪ್ಯಾರಾಸೂಕಸ್ ಹಿಸ್ಲೋಪಿ ಎಂಬ ಅಳಿದ ಸರೀಸೃಪದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಚಿತ್ರದಲ್ಲಿ ನೋಡಿದರೆ ಪ್ಯಾರಾಸೂಕಸ್ ಥೇಟ್ ಘಡಿಯಾಲ್‌ನಂತೆ ಕಾಣುತ್ತದೆ. ಇದು ಮೊಸಳೆಯ ಪೂರ್ವಜ ಎಂದು ಮಕ್ಕಳಿಗೆ ಪಾಠ ಮಾಡಬಹುದೇ? (ಶಿಕ್ಷಕಿ, ಧಾರವಾಡ)

ದಯವಿಟ್ಟು ಹಾಗೆ ಹೇಳಬೇಡಿ. ಪ್ಯಾರಾಸೂಕಸ್ ಮೊಸಳೆಯ ದೂರದ ದಾಯಾದಿ. ಅದರ ವಂಶದಲ್ಲಿ ಮೊಸಳೆ ಹುಟ್ಟಿಲ್ಲ. ಅದು ಸೇರಿದ ಫೈಟೋಸಾರ್ ಎಂಬ ಗುಂಪು ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ಅಂದರೆ ಸುಮಾರು 23 ಕೋಟಿಯಿಂದ 20 ಕೋಟಿ ವರ್ಷಗಳ ಹಿಂದೆ, ಹೊಳೆ ಕೆರೆಗಳನ್ನು ಆಳಿ ಯಾರನ್ನೂ ಉಳಿಸದೆ ಅಳಿದುಹೋಯಿತು.

ಅದೇ ಹೊತ್ತಿಗೆ ಮೊಸಳೆಯ ನಿಜವಾದ ಹಿರಿಯರು ಎಲ್ಲಿದ್ದರು ಎಂಬುದೇ ಮಕ್ಕಳಿಗೆ ಹೇಳಬೇಕಾದ ಸ್ವಾರಸ್ಯದ ಸಂಗತಿ. ಅವರು ನೀರಿನಲ್ಲಿರಲಿಲ್ಲ. ವೇಲ್ಸ್‌ನ ಟೆರೆಸ್ಟ್ರಿಸೂಕಸ್, ಅರಿಜೋನಾದ ಹೆಸ್ಪೆರೋಸೂಕಸ್ ಮುಂತಾದವು ಉದ್ದನೆಯ ತೆಳು ಕಾಲುಗಳ, ನೆಲದ ಮೇಲೆ ಚುರುಕಾಗಿ ಓಡುವ ಹಗುರ ಪ್ರಾಣಿಗಳು. ನೀರಿನ ಬದುಕಿಗೆ ಆ ವಂಶ ಇಳಿದದ್ದು ಫೈಟೋಸಾರ್‌ಗಳು ಹೋದ ಮೇಲೆ. ಹಾಗಾಗಿ ಘಡಿಯಾಲ್‌ನ ಮೂತಿಯೂ ಪ್ಯಾರಾಸೂಕಸ್‌ನ ಮೂತಿಯೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮೂಳೆಗಳಿಂದ ಕಟ್ಟಿದವು. ನೀರಿನಲ್ಲಿ ಮೈಮುಳುಗಿಸಿ ಕಾದು, ತಲೆಯನ್ನು ಪಕ್ಕಕ್ಕೆ ಬೀಸಿ ಜಾರುವ ಬೇಟೆ ಹಿಡಿಯುವ ಕಸುಬಿಗೆ ಉದ್ದನೆಯ ಕಿರಿದಾದ ದವಡೆ ಒಗ್ಗುತ್ತದೆ. ಆ ಕಸುಬು ಹಿಡಿದವರಿಗೆಲ್ಲ ಮೂತಿ ಒಂದೇ ಆಕಾರಕ್ಕೆ ಬಂತು.

ಪ್ರಶ್ನೆ: ಹಾಗಾದರೆ ಎರಡರ ತಲೆಬುರುಡೆಗಳನ್ನು ಪಕ್ಕಪಕ್ಕ ಇಟ್ಟರೆ ಗುರುತಿಸುವುದು ಹೇಗೆ? (ಪ್ರಾಣಿಶಾಸ್ತ್ರ ವಿದ್ಯಾರ್ಥಿ, ಮೈಸೂರು)

ಮೊದಲು ಮೂಗಿನ ಹೊಳ್ಳೆ ಹುಡುಕಿ. ರಂಗನತಿಟ್ಟಿನಲ್ಲೋ ದಾಂಡೇಲಿಯ ಕಾಳಿ ನದಿಯಲ್ಲೋ ಕಾಣುವ ಮಗ್ಗರ್ ಮೊಸಳೆಗೆ ಹೊಳ್ಳೆಗಳು ಮೂತಿಯ ತುದಿಯಲ್ಲಿವೆ. ಘಡಿಯಾಲ್‌ಗೂ ಹಾಗೆಯೇ. ಫೈಟೋಸಾರ್‌ನ ಮೂತಿಯ ತುದಿಯಲ್ಲಿ ಹೊಳ್ಳೆಯೇ ಇಲ್ಲ. ಅವು ತೀರ ಹಿಂದೆ, ಕಣ್ಣಿಗೆ ಹತ್ತಿರವಾಗಿ, ಬುರುಡೆಯ ಮೇಲ್ಭಾಗದಲ್ಲಿ ತೆರೆಯುತ್ತವೆ. ಉಳಿದದ್ದೇನೂ ತಿಳಿಯದಿದ್ದರೂ ಈ ಒಂದೇ ಗುರುತು ಸಾಕು.

ಈ ವ್ಯತ್ಯಾಸದ ಹಿಂದೆ ಉಸಿರಿನ ದಾರಿಯ ಲೆಕ್ಕವಿದೆ. ಮೊಸಳೆಯ ಹೊಳ್ಳೆ ಮೂತಿಯ ತುದಿಯಲ್ಲಿದ್ದರೂ ಗಾಳಿ ಬಾಯೊಳಗೆ ಇಳಿಯುವುದಿಲ್ಲ. ಅಂಗುಳಿನ ಮೇಲೆ ಮೂಳೆಯಿಂದಲೇ ಆದ ಒಂದು ಉದ್ದ ಕೊಳವೆಯಿದ್ದು, ಗಾಳಿ ಅದರಲ್ಲಿ ಸಾಗಿ ಗಂಟಲಿನ ಬಳಿ ಹೊರಬರುತ್ತದೆ. ಬಾಯಿಯ ಹಿಂಭಾಗದಲ್ಲಿ ಮಾಂಸದ ಒಂದು ಪರದೆ ನೀರನ್ನು ತಡೆಯುತ್ತದೆ. ಬೇಟೆ ಕಚ್ಚಿ ಬಾಯಿ ನೀರಿನಲ್ಲಿದ್ದರೂ ಮೊಸಳೆ ಉಸಿರಾಡುವುದು ಹೀಗೆ. ಫೈಟೋಸಾರ್‌ಗೆ ಈ ಮೂಳೆಯ ಕೊಳವೆ ಇಲ್ಲ, ಬೇಕಾಗಿಯೂ ಇರಲಿಲ್ಲ: ಹೊರಹೊಳ್ಳೆಯೇ ಹಿಂದೆ ಸರಿದು ಒಳಹೊಳ್ಳೆಯ, ಅಂದರೆ ಮೂಗಿನ ಗಾಳಿ ಬಾಯೊಳಗೆ ಇಳಿಯುವ ಕಿಂಡಿಯ, ಮೇಲೆ ಬಂದು ಕುಳಿತಿದೆ. ಒಂದೇ ತೊಂದರೆಗೆ ಎರಡು ವಂಶಗಳು ಕಂಡುಕೊಂಡ ಎರಡು ಉಪಾಯಗಳಿವು. ಬುರುಡೆಯನ್ನು ಮಗುಚಿ ಅಂಗುಳು ನೋಡಿದರೆ ಸಂದೇಹ ಪೂರ್ತಿ ಹೋಗುತ್ತದೆ.

ಮೂರನೆಯದು ಮೂತಿಯ ಮೂಳೆ. ಮೊಸಳೆಯ ಮೇಲ್ದವಡೆಯ ತುದಿಯಲ್ಲಿರುವ ಪ್ರೀಮ್ಯಾಕ್ಸಿಲಾ ಚಿಕ್ಕದು, ಅದರಲ್ಲಿ ಒಂದೊಂದು ಬದಿಗೆ ಸಾಮಾನ್ಯವಾಗಿ 5 ಹಲ್ಲು. ಮೂತಿಯ ಉದ್ದವೆಲ್ಲ ಅದರ ಹಿಂದಿನ ಮ್ಯಾಕ್ಸಿಲಾದ್ದು. ಫೈಟೋಸಾರ್‌ನಲ್ಲಿ ಲೆಕ್ಕ ತಿರುಗುಮುರುಗು. ಪ್ರೀಮ್ಯಾಕ್ಸಿಲಾ ತಾನೇ ಚಾಚಿ ಹೊಳ್ಳೆಯ ಮುಂದಿನ ಮೂತಿಯ ಬಹುಪಾಲನ್ನು ಕಟ್ಟಿದೆ, ಹಲ್ಲಿನ ಉದ್ದ ಸಾಲೂ ಅದರಲ್ಲೇ. ಇದರ ಜೊತೆಗೆ, ಕಣ್ಣಿನ ಮುಂದೆ ಬುರುಡೆಯ ಬದಿಯಲ್ಲಿ ಒಂದು ದೊಡ್ಡ ಕಿಂಡಿ ಫೈಟೋಸಾರ್‌ಗೆ ಇದೆ. ಇಂದಿನ ಮೊಸಳೆಗಳಲ್ಲಿ ಆ ಕಿಂಡಿ ಮುಚ್ಚಿಹೋಗಿದೆ.

ಫೈಟೋಸಾರ್‌ಗಳ ಒಳಗೇ ಬೇರ್ಪಡಿಸಲು ಇದೇ ಕಿಂಡಿ ಮತ್ತೆ ಕೆಲಸಕ್ಕೆ ಬರುತ್ತದೆ. ಪ್ಯಾರಾಸೂಕಸ್‌ನಲ್ಲಿ ಹೊಳ್ಳೆ ಆ ಕಿಂಡಿಗಿಂತ ಮುಂದೆಯೇ ಇದೆ. ನಿಕ್ರೋಸಾರಸ್, ಮಿಸ್ಟ್ರಿಯೋಸೂಕಸ್‌ನಂಥ ಮುಂದುವರಿದ ಫೈಟೋಸಾರ್‌ಗಳಲ್ಲಿ ಅದು ಕಿಂಡಿಯ ಮೇಲಕ್ಕೆ, ಇನ್ನೂ ಹಿಂದಕ್ಕೆ ಸರಿದಿದೆ. ಪ್ಯಾರಾಸೂಕಸ್ ತನ್ನ ಗುಂಪಿನಲ್ಲಿ ಹಳೆಯ ಬಗೆಯದು ಎನ್ನಲು ಇದು ಮುಖ್ಯ ಆಧಾರ.

ಪ್ರಶ್ನೆ: ಒಂದು ಪುಸ್ತಕ ಫೈಟೋಸಾರ್‌ಗಳನ್ನು ಮೊಸಳೆಯ ಕವಲಿಗೆ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಯಾವುದು ಸರಿ? (ಬೆಂಗಳೂರು)

ಎರಡು ಪುಸ್ತಕಗಳೂ ತಮ್ಮ ಕಾಲದ ಮುಖ್ಯ ಅಧ್ಯಯನವನ್ನು ಹಿಡಿದು ಬರೆದಿರಬೇಕು. ಜಗಳ ಇರುವುದು ಹಿಂಗಾಲಿನ ಹರಡಿನಲ್ಲಿ. ಮೊಸಳೆಯ ಹರಡಿನಲ್ಲಿ ಎರಡು ಮುಖ್ಯ ಮೂಳೆಗಳಿವೆ: ಆಸ್ಟ್ರಗಲಸ್ ಮತ್ತು ಕ್ಯಾಲ್ಕೇನಿಯಮ್. ಮೊದಲನೆಯದರ ಗೂಟ ಎರಡನೆಯದರ ಕುಳಿಯಲ್ಲಿ ಕೂತು, ಹಳೆಯ ಮನೆಯ ಬಾಗಿಲಿನ ತಿರುಗಣಿಯಂತೆ, ಪಾದ ಅವೆರಡರ ನಡುವೆಯೇ ತಿರುಗುತ್ತದೆ. ಹಿಂದಕ್ಕೆ ಚಾಚಿದ ಹಿಮ್ಮಡಿಯ ಗುಬುಟೂ ಇರುತ್ತದೆ. ಡೈನೋಸಾರ್ ಮತ್ತು ಹಕ್ಕಿಗಳಲ್ಲಿ ಎರಡೂ ಮೂಳೆಗಳು ಮೊಣಕಾಲ ಕೆಳಗಿನ ಮೂಳೆಗೆ ಅಂಟಿಕೊಂಡು, ಕೀಲು ಅವುಗಳ ಕೆಳಗೆ ನೇರವಾಗಿ ಮಡಚುತ್ತದೆ. ಫೈಟೋಸಾರ್‌ನ ಹರಡು ಮೊಸಳೆಯ ಬಗೆಯದು. ಆದ್ದರಿಂದ ಅವುಗಳನ್ನು ಮೊಸಳೆಯ ಕವಲಾದ ಸ್ಯೂಡೋಸೂಕಿಯಾಕ್ಕೆ ಸೇರಿಸುವುದು ವಾಡಿಕೆಯಾಗಿತ್ತು.

2011ರಲ್ಲಿ ಸ್ಟರ್ಲಿಂಗ್ ನೆಸ್ಬಿಟ್ ಮೊಸಳೆ, ಡೈನೋಸಾರ್, ಹಕ್ಕಿಗಳೆಲ್ಲ ಸೇರಿದ ಆರ್ಕೋಸಾರ್ ಗುಂಪಿನ ಇಡೀ ವಂಶವೃಕ್ಷವನ್ನು ಮರುಪರಿಶೀಲಿಸಿ ಬೇರೆಯೇ ಉತ್ತರ ಕೊಟ್ಟರು. ಮೊಸಳೆ ಮತ್ತು ಹಕ್ಕಿಗಳ ಕವಲು ಒಡೆಯುವುದಕ್ಕೂ ಮುಂಚೆಯೇ ಫೈಟೋಸಾರ್‌ಗಳು ಬೇರೆಯಾದವು, ತಿರುಗುವ ಹರಡು ಎಲ್ಲರಿಗೂ ಹಳೆಯ ಆಸ್ತಿ, ಅದನ್ನು ಉಳಿಸಿಕೊಂಡ ಮಾತ್ರಕ್ಕೆ ಮೊಸಳೆಗೆ ಹತ್ತಿರ ಎನ್ನಲಾಗದು ಎಂಬುದು ಅವರ ವಾದ. 2016ರಲ್ಲಿ ಮಾರ್ಟಿನ್ ಎಜ್ಕುರ್ರಾ ಅವರ ವಿಶ್ಲೇಷಣೆ ಫೈಟೋಸಾರ್‌ಗಳನ್ನು ಮತ್ತೆ ಮೊಸಳೆಯ ಕವಲಿನ ಬುಡಕ್ಕೆ ತಂದಿಟ್ಟಿತು.

ತರಗತಿಯಲ್ಲಿ ಹೇಳುವುದಾದರೆ ಹೀಗೆ ಹೇಳಿ: ಕವಲಿನ ಬುಡದ ಒಳಗೋ ಹೊರಗೋ ಎಂಬುದು ಚರ್ಚೆ, ಬುಡದ ಹತ್ತಿರ ಎಂಬುದರಲ್ಲಿ ಚರ್ಚೆಯಿಲ್ಲ. ಇಲ್ಲಿ ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಡಿಯಾಂಡಾಂಗೊಸೂಕಸ್ ಬಹಳ ಬೆಲೆಯುಳ್ಳದ್ದು. ಮಧ್ಯ ಟ್ರಯಾಸಿಕ್‌ನ ಈ ಪ್ರಾಣಿಯನ್ನು 2012ರಲ್ಲಿ ಬೇರೆ ಗುಂಪಿನದೆಂದು ವಿವರಿಸಿದ್ದರು. 2017ರ ಮರುಅಧ್ಯಯನ ಇದು ಫೈಟೋಸಾರ್ ಎಂದಿತು. ಇದರ ಮೂತಿ ಮಾತ್ರ ಗಿಡ್ಡ! ಅಂದರೆ ಘಡಿಯಾಲ್‌ನಂಥ ಮೂತಿ ಈ ಗುಂಪಿಗೆ ಹುಟ್ಟಿನಿಂದ ಬಂದದ್ದಲ್ಲ.

ಪ್ರಶ್ನೆ: ಹಿಸ್ಲೋಪಿ ಎಂದರೆ ಯಾರು? ಪ್ರಾಣಿಯನ್ನು ಕಂಡುಹಿಡಿದವರು ಅವರೇ? (ಬಳ್ಳಾರಿ)

ಸ್ಟೀಫನ್ ಹಿಸ್ಲೋಪ್ ನಾಗಪುರದಲ್ಲಿದ್ದ ಸ್ಕಾಟ್ಲೆಂಡ್‌ನ ಪಾದ್ರಿ. ಮಧ್ಯ ಭಾರತದ ಬಂಡೆಗಳನ್ನೂ ಪಳೆಯುಳಿಕೆಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿದವರು, 1863ರಲ್ಲಿ ತೀರಿಕೊಂಡರು. ಮಾಲೇರಿ ಹಿಂದಿನ ಆದಿಲಾಬಾದ್ ಜಿಲ್ಲೆಯ ಹಳ್ಳಿ. ಅಲ್ಲಿನ ಮೂಳೆಗಳನ್ನು ನೋಡಿ ಥಾಮಸ್ ಹೆನ್ರಿ ಹಕ್ಸ್ಲಿ ಪ್ಯಾರಾಸೂಕಸ್ ಎಂಬ ಹೆಸರನ್ನು 1870ರಲ್ಲಿ ಬಳಸಿದರು. ವಿವರಣೆ ಕೊಟ್ಟು ಹಿಸ್ಲೋಪರ ಹೆಸರು ಸೇರಿಸಿದವರು ರಿಚರ್ಡ್ ಲಿಡೆಕ್ಕರ್, 1885ರಲ್ಲಿ.

ಲಿಡೆಕ್ಕರ್ ಕೈಯಲ್ಲಿದ್ದದ್ದು ಚೂರುಪಾರು ಮಾತ್ರ: ಮೂತಿಯ ಒಂದು ತುಂಡು, ಹಲ್ಲುಗಳು, ಮೈಮೇಲಿನ ಮೂಳೆಫಲಕಗಳು, ಬುರುಡೆಯ ತಳದ ಒಂದು ಭಾಗ. ಆ ಬುರುಡೆಯ ತಳ ಪ್ಯಾರಾಸೂಕಸ್‌ನದ್ದೇ ಅಲ್ಲ, ಅದೇ ಪದರದಲ್ಲಿ ಸಿಗುವ ಹೈಪರೊಡಪೆಡಾನ್ ಎಂಬ ಕೊಕ್ಕುಬಾಯಿಯ ಸಸ್ಯಾಹಾರಿಯದ್ದು ಎಂದು ಆಮೇಲೆ ಗೊತ್ತಾಯಿತು. ಉಳಿದ ಮೂತಿಯ ತುಂಡಿನಿಂದ ಇದು ಫೈಟೋಸಾರ್ ಎನ್ನಬಹುದು, ಯಾವ ಫೈಟೋಸಾರ್ ಎನ್ನಲಾಗದು. ಹೆಸರಿಗೆ ಆಧಾರವಾದ ಮಾದರಿಯೇ ಹೀಗಾದರೆ ಹೆಸರು ಗಾಳಿಯಲ್ಲಿ ತೂಗುತ್ತದೆ.

ಅದನ್ನು ಉಳಿಸಿದ್ದು ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಸಂಗ್ರಹ. ಸಂಖ್ಯಾಶಾಸ್ತ್ರದ ಸಂಸ್ಥೆಯಲ್ಲಿ ಪಳೆಯುಳಿಕೆ ಏಕೆ ಎಂದು ಕೇಳುವವರಿಗೆ: ಸಂಸ್ಥೆಯ ಸ್ಥಾಪಕ ಪಿ. ಸಿ. ಮಹಲನೋಬಿಸ್ ಅವರು 1950ರ ದಶಕದಲ್ಲಿ ಲಂಡನ್‌ನ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಅಲ್ಲಿ ಭೂವಿಜ್ಞಾನ ಘಟಕ ಕಟ್ಟಿಸಿದರು. ಗೋದಾವರಿ ಕಣಿವೆಯಲ್ಲಿ ಆ ಘಟಕ ಮಾಡಿದ ಕೆಲಸ ಇಲ್ಲದಿದ್ದರೆ ಭಾರತದ ಟ್ರಯಾಸಿಕ್ ಬಗ್ಗೆ ನಮಗೆ ತಿಳಿದಿರುತ್ತಿದ್ದದ್ದು ತೀರ ಅಲ್ಪ. ಅಲ್ಲಿನ ಶಂಕರ್ ಚಟರ್ಜಿ ಬಹುಮಟ್ಟಿಗೆ ಪೂರ್ಣವಾದ, ಕೀಲು ಕಳಚದ ಎರಡು ಅಸ್ಥಿಪಂಜರಗಳನ್ನು 1978ರಲ್ಲಿ ವಿವರಿಸಿದರು. ಮುಂದೆ 2001ರಲ್ಲಿ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗಕ್ಕೆ ಅರ್ಜಿ ಸಲ್ಲಿಸಿ, ಮೂತಿಯ ತುಂಡಿನ ಬದಲು ಆ ಅಸ್ಥಿಪಂಜರಗಳಲ್ಲಿ ಒಂದನ್ನು, ಆರ್ 42 ಸಂಖ್ಯೆಯದ್ದನ್ನು, ಹೆಸರಿನ ಆಧಾರವಾಗಿ ಒಪ್ಪಿ ಎಂದು ಕೇಳಿದರು. 2003ರಲ್ಲಿ ಆಯೋಗ ಒಪ್ಪಿತು. ಬಿಡಿ ಹಲ್ಲು, ಬಿಡಿ ತುಂಡಿಗೆ ಹೊಸ ಹೆಸರು ಕೊಡುವ ಆತುರ ಇಂದಿಗೂ ಕಾಣುತ್ತದೆ. ಅಂಥವರು ಈ ಪ್ರಕರಣ ಓದಿಕೊಳ್ಳಬೇಕು. 1885ರ ತೊಡಕು ಬಿಡಿಸಲು 118 ವರ್ಷ ಹಿಡಿಯಿತು.

ಪ್ರಶ್ನೆ: ಅದು ಮೀನು ತಿನ್ನುತ್ತಿತ್ತು ಎಂಬುದಕ್ಕೆ ಮೂತಿಯ ಆಕಾರ ಬಿಟ್ಟರೆ ಬೇರೆ ಸಾಕ್ಷ್ಯ ಇದೆಯೇ? (ಉಡುಪಿ)

ಹೊಟ್ಟೆಯೊಳಗಿನ ಸಾಕ್ಷ್ಯವೇ ಇದೆ, ಆದರೆ ಅದು ಮೀನಿನದಲ್ಲ. ಮೇಲೆ ಹೇಳಿದ ಎರಡು ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲಿ ಮತ್ತೊಂದು ಸರೀಸೃಪದ ಮೂಳೆಗಳಿದ್ದವು. ಚಟರ್ಜಿ ಅದಕ್ಕೆ 1980ರಲ್ಲಿ ಮಾಲೇರಿಸಾರಸ್ ರಾಬಿನ್ಸೊನೇ ಎಂದು ಹೆಸರಿಟ್ಟರು, ಪಮೇಲಾ ರಾಬಿನ್ಸನ್ ಅವರ ಗೌರವಕ್ಕೆ. ಪ್ಯಾರಾಸೂಕಸ್‌ನ ಉದ್ದ ಸುಮಾರು 2.5 ಮೀಟರ್, ಮಾಲೇರಿಸಾರಸ್‌ನದು ಸುಮಾರು 1.2 ಮೀಟರ್. ತನ್ನ ಅರ್ಧದಷ್ಟು ಉದ್ದದ, ನೆಲದ ಮೇಲೆ ಓಡಾಡುವ ಪ್ರಾಣಿಯನ್ನು ಅದು ತಿಂದಿದೆ. ದಡಕ್ಕೆ ನೀರು ಕುಡಿಯಲು ಬಂದವನ್ನು ಹಿಡಿದಿರಬಹುದು.

ಅಂದಮಾತ್ರಕ್ಕೆ ಮೀನು ತಿನ್ನುತ್ತಿರಲಿಲ್ಲ ಎಂದಲ್ಲ. ಅದೇ ಪದರಗಳಲ್ಲಿ ಸೆರಟೋಡಸ್ ಎಂಬ ಶ್ವಾಸಮೀನಿನ ಹಲ್ಲುಫಲಕಗಳೂ ಸಿಹಿನೀರಿನ ಶಾರ್ಕ್‌ನ ಹಲ್ಲುಗಳೂ ಸಿಗುತ್ತವೆ. ಕಿರಿದಾದ ದವಡೆ ಕಂಡ ಕೂಡಲೇ ಬರೀ ಮೀನು ಎಂದು ಬರೆದುಬಿಡುವುದು ತಪ್ಪು ಎನ್ನುವುದಷ್ಟೇ ನಮ್ಮ ಮಾತು.

ಮಾಲೇರಿಸಾರಸ್ ಏನೆಂಬುದು ಬಹಳ ದಿನ ಗೋಜಲಾಗಿತ್ತು. ಇತ್ತೀಚಿನ ಮರುಅಧ್ಯಯನ ಅದನ್ನು ಅಜೆಂಡೋಸಾರಿಡ್ ಎಂಬ ಗುಂಪಿಗೆ ಸೇರಿಸಿದೆ, ಅದರ ಹತ್ತಿರದ ನಂಟ ಅಮೆರಿಕದ ಟೆಕ್ಸಸ್‌ನಲ್ಲೂ ಇದೆ. ಪ್ಯಾರಾಸೂಕಸ್ ಕುಲದ್ದೂ ಇದೇ ಕಥೆ. 2016ರ ಪರಿಷ್ಕರಣೆಯ ಪ್ರಕಾರ ಜರ್ಮನಿಯ ಮತ್ತು ಅಮೆರಿಕದ ವಯೋಮಿಂಗ್‌ನ ಕೆಲವು ಫೈಟೋಸಾರ್‌ಗಳೂ ಇದೇ ಕುಲದವು. ಆಗ ಭೂಖಂಡಗಳೆಲ್ಲ ಪ್ಯಾಂಜಿಯಾ ಎಂಬ ಒಂದೇ ನೆಲವಾಗಿದ್ದವು, ದಾರಿಗೆ ಅಡ್ಡ ಸಾಗರವಿರಲಿಲ್ಲ.

ಪ್ರಶ್ನೆ: ಮಾಂಸಾಹಾರಿಗೆ ‘ಸಸ್ಯ ಹಲ್ಲಿ’ ಎಂಬ ಅರ್ಥದ ಫೈಟೋಸಾರ್ ಹೆಸರು ಬಂದದ್ದು ಹೇಗೆ? (ತುಮಕೂರು)

1828ರಲ್ಲಿ ಜರ್ಮನಿಯ ಗೇಯೋರ್ಗ್ ಯೇಗರ್ ದವಡೆಯ ತುಂಡುಗಳಲ್ಲಿ ಮೊಂಡಾದ, ಸಿಲಿಂಡರ್ ಆಕಾರದ ‘ಹಲ್ಲು’ಗಳನ್ನು ಕಂಡು ಇದು ಗಿಡ ಅಗಿಯುವ ಪ್ರಾಣಿ ಎಂದುಕೊಂಡರು. ಅವು ಹಲ್ಲಲ್ಲ. ಹಲ್ಲು ಉದುರಿದ ಗೂಡುಗಳಿಗೆ ಕೆಸರು ತುಂಬಿ ಕಲ್ಲಾದ ಅಚ್ಚುಗಳು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಿಂದ ಹೆಸರು ಉಳಿಯಿತು.

ಪ್ರಶ್ನೆ: ಮಾಲೇರಿಯ ಪದರಕ್ಕೆ ಇಷ್ಟು ಕೋಟಿ ವರ್ಷ ಎಂದು ಹೇಗೆ ಹೇಳುತ್ತಾರೆ? ಇಂಗಾಲದ ಪರೀಕ್ಷೆಯೇ? (ಹಾಸನ)

ಇಂಗಾಲದ ಪರೀಕ್ಷೆ ಸುಮಾರು 50,000 ವರ್ಷಗಳಾಚೆಗೆ ನಡೆಯುವುದಿಲ್ಲ. ಇಲ್ಲಿ ಅದರ ಮಾತೇ ಇಲ್ಲ. ಮಾಲೇರಿಯ ವಯಸ್ಸು ಮುಖ್ಯವಾಗಿ ಪ್ರಾಣಿಗಳ ಹೋಲಿಕೆಯಿಂದ ಬಂದದ್ದು. ಇಲ್ಲಿ ಒಟ್ಟಿಗೆ ಸಿಗುವ ಹೈಪರೊಡಪೆಡಾನ್ ಮತ್ತು ಸಸ್ತನಿಗಳ ದೂರದ ನಂಟನಾದ ಎಕ್ಸೇರೆಟೊಡಾನ್ ಅರ್ಜೆಂಟೀನಾದ ಇಶ್ಚಿಗುವಲಾಸ್ತೊ ಪದರಗಳಲ್ಲೂ ಸಿಗುತ್ತವೆ. ಅಲ್ಲಿ ಜ್ವಾಲಾಮುಖಿಯ ಬೂದಿ ಇದ್ದು, ಬುಡದ ಬೂದಿಯ ವಯಸ್ಸು ಸುಮಾರು 23.1 ಕೋಟಿ ವರ್ಷ ಎಂದು ಅಳೆಯಲಾಗಿದೆ. ಹಾಗಾಗಿ ಕೆಳ ಮಾಲೇರಿಯೂ ಹೆಚ್ಚುಕಡಿಮೆ ಅದೇ ಕಾಲದ್ದು ಎಂಬ ತರ್ಕ. ಮೇಲಿನ ಪದರಗಳು ಅದಕ್ಕಿಂತ ಈಚಿನವು. ಇದು ಗಟ್ಟಿ ತರ್ಕವಾದರೂ ಒಂದು ಮಿತಿಯಿದೆ: ಒಂದು ಪ್ರಾಣಿ ಒಂದು ಖಂಡದಲ್ಲಿ ಅಳಿದ ಮೇಲೂ ಇನ್ನೊಂದರಲ್ಲಿ ಬದುಕಿರಬಹುದು. ಆದ್ದರಿಂದ ಮಾಲೇರಿಗೆ ದಶಮಾಂಶದವರೆಗೆ ವಯಸ್ಸು ಬರೆದಿದ್ದರೆ ಅದನ್ನು ನಂಬಬೇಡಿ.

ಪ್ರಶ್ನೆ: ತೆಲಂಗಾಣದವರೆಗೆ ಬಂದದ್ದು ಬೀದರ್, ಕಲಬುರಗಿಯಲ್ಲಿ ಏಕೆ ಸಿಗುವುದಿಲ್ಲ? (ಕಲಬುರಗಿ, ರಾಯಚೂರಿನ ಹಲವರು)

ಪಳೆಯುಳಿಕೆ ರಾಜ್ಯದ ಗಡಿ ನೋಡುವುದಿಲ್ಲ, ಬಂಡೆಯ ವಯಸ್ಸು ನೋಡುತ್ತದೆ. ಗೋದಾವರಿ ಕಣಿವೆ ಒಂದು ಬಿರುಕು ತಗ್ಗು. ನೆಲ ಕುಸಿಯುತ್ತಾ ಹೋದಂತೆ ನದಿಗಳು ಕೋಟ್ಯಂತರ ವರ್ಷ ಅಲ್ಲಿ ಮಣ್ಣು ತುಂಬಿದವು. ಆ ಪಟ್ಟಿ ವಾಯವ್ಯದಿಂದ ಆಗ್ನೇಯಕ್ಕೆ ಹರಿದಿದೆ, ಕರ್ನಾಟಕವನ್ನು ಮುಟ್ಟುವುದಿಲ್ಲ. ನಮ್ಮ ನೆಲದ ಬಹುಭಾಗ ಗ್ನೈಸ್ ಮತ್ತು ಧಾರವಾಡ ಶಿಲೆಗಳು, 250 ಕೋಟಿ ವರ್ಷಕ್ಕೂ ಹಳೆಯವು. ಕಲಾದಗಿ ಮತ್ತು ಭೀಮಾ ಪದರಗಳು ನೀರಿನಲ್ಲಿ ಕೂತ ಮಣ್ಣು, ಸುಣ್ಣಗಲ್ಲುಗಳೇ ಆದರೂ ಬೆನ್ನುಮೂಳೆಯ ಪ್ರಾಣಿಗಳು ಹುಟ್ಟುವ ಮೊದಲಿನವು. ಬೀದರ್, ಕಲಬುರಗಿ, ಬೆಳಗಾವಿಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ದಖ್ಖನ್ ಲಾವಾ. ಟ್ರಯಾಸಿಕ್‌ನ ಪುಟ ನಮ್ಮ ಬಂಡೆಗಳಲ್ಲಿ ಇಲ್ಲವೇ ಇಲ್ಲ. ಲಾವಾ ಪದರಗಳ ನಡುವೆ, ಗುರುಮಠಕಲ್ ಸುತ್ತ, ಹಳೆಯ ಕೆರೆ ಮಣ್ಣಿನ ತೆಳು ಪದರಗಳಿವೆ. ಅಲ್ಲಿ ಚಿಕ್ಕ ನೀರುಜೀವಿಗಳ ಪಳೆಯುಳಿಕೆ ದಾಖಲಾಗಿವೆ. ಪಳೆಯುಳಿಕೆ ಹುಡುಕುವ ಆಸೆಯಿದ್ದವರು ಅತ್ತ ಕಣ್ಣಿಡಬಹುದು, ಪ್ಯಾರಾಸೂಕಸ್‌ಗಾಗಿ ಅಲ್ಲ.

ಪ್ರಶ್ನೆ: ಜೇಡಿಗಲ್ಲಿನಿಂದ ಇಂಥ ಅಸ್ಥಿಪಂಜರವನ್ನು ಮುರಿಯದೆ ಎತ್ತುವ ಕ್ರಮವನ್ನು ಹಂತಹಂತವಾಗಿ ತಿಳಿಸಿ. (ಭೂವಿಜ್ಞಾನ ಎಂ.ಎಸ್ಸಿ. ವಿದ್ಯಾರ್ಥಿಗಳು)

ಅನುಮತಿ ಪಡೆದ ಸಂಸ್ಥೆಯ ತಂಡದಲ್ಲಿ ಮಾಡುವ ಕೆಲಸ ಇದು ಎಂಬ ತಿಳಿವಳಿಕೆಯಿಂದ ಓದಿಕೊಳ್ಳಿ.

ನೆಲದ ಮೇಲೆ ಮೂಳೆಯ ಚೂರು ಕಂಡ ಕಡೆ ಅಗೆಯಬಾರದು. ಮಳೆ ಅದನ್ನು ಮೇಲಿನಿಂದ ಹೊತ್ತು ತಂದಿರುತ್ತದೆ. ಪ್ರತಿ ಚೂರಿಗೂ ಒಂದು ಗುರುತುಕಡ್ಡಿ ನೆಟ್ಟು ಇಳಿಜಾರನ್ನು ಮೇಲಕ್ಕೆ ಹತ್ತಿ. ಚೂರುಗಳು ಒಮ್ಮೆಗೇ ನಿಂತುಹೋದ ಗೆರೆಯ ಆಸುಪಾಸಿನಲ್ಲೇ ಮೂಲ ಪದರ ಇರುತ್ತದೆ. ಅಲ್ಲಿ ಅಳತೆಪಟ್ಟಿ ಇಟ್ಟು ಫೋಟೋ, ಜಿಪಿಎಸ್ ಓದು, ಪದರದ ವಾಲು, ಕೆಳಗಿನ ಮರಳುಗಲ್ಲಿನಿಂದ ಎಷ್ಟು ಎತ್ತರ ಎಂಬುದನ್ನು ಬರೆದ ಮೇಲೆಯೇ ಪಿಕಾಸಿ. ಮೂಳೆಯ ಮಟ್ಟಕ್ಕೆ ಒಂದು ಗೇಣು ಇರುವಾಗ ಪಿಕಾಸಿ ಕೆಳಗಿಟ್ಟು ದಬ್ಬಳ, ಬ್ರಷ್ ಹಿಡಿಯಬೇಕು.

ತೆರೆದ ಮೂಳೆ ಬಿಸಿಲಿಗೆ ಒಣಗಿ ಸೀಳುತ್ತದೆ. ಕೆಂಪು ಜೇಡಿ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಮೂಳೆಯನ್ನು ಹರಿಯುತ್ತದೆ. ಅದಕ್ಕೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ರಾಳ ಉಣಿಸುತ್ತಾರೆ. ಮೊದಲು ಶೇಕಡಾ 5ರ ತೆಳು ದ್ರಾವಣ, ಅದು ಒಳಗಿಳಿದ ಮೇಲೆ ಇನ್ನೊಂದು ಕೈ. ಮೊದಲೇ ದಪ್ಪ ದ್ರಾವಣ ಬಳಿದರೆ ಮೇಲೆ ಹೊಳೆಯುವ ಸಿಪ್ಪೆ ಕಟ್ಟಿ ಒಳಗೆ ಪುಡಿಪುಡಿಯೇ ಉಳಿಯುತ್ತದೆ. ಮೂಳೆ ತೇವವಾಗಿದ್ದರೆ ರಾಳ ಬೆಳ್ಳಗೆ ಮಂಜುಗಟ್ಟಿ ಎದ್ದು ಬರುತ್ತದೆ. ಆದ್ದರಿಂದ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ ಆಮೇಲೆ ಉಣಿಸಿ. ಮೂಳೆಗಳ ಅಂಚು ಎಲ್ಲಿಯವರೆಗಿದೆ ಎಂದು ತಿಳಿಯುವಷ್ಟು ಮಾತ್ರ ಬಿಡಿಸಿ, ಉಳಿದದ್ದು ಪ್ರಯೋಗಾಲಯಕ್ಕೆ. ಬಯಲಿನಲ್ಲಿ ಪೂರ್ತಿ ಬಿಡಿಸಿ ಫೋಟೋ ತೆಗೆಯುವ ಆಸೆಗೆ ಅನೇಕ ಒಳ್ಳೆಯ ಮಾದರಿಗಳು ಬಲಿಯಾಗುತ್ತವೆ.

ಸುತ್ತ ಕಾಲುವೆ ತೋಡಿ ಮೂಳೆಯನ್ನು ಮಣ್ಣಿನ ದಿಬ್ಬದ ಮೇಲೆ ನಿಲ್ಲಿಸಿ. ಒದ್ದೆ ಮಾಡಿದ ತೆಳು ಕಾಗದವನ್ನು ಮೂರು ನಾಲ್ಕು ಪದರ ಹೊದಿಸಿ, ಬ್ರಷ್‌ನಿಂದ ತಟ್ಟಿ ಸಂದುಗಳಿಗೆ ಕೂರಿಸಿ. ಇದನ್ನು ಬಿಟ್ಟರೆ ಮೇಲೆ ಹಾಕುವ ಗಾರೆ ಮೂಳೆಗೇ ಅಂಟುತ್ತದೆ, ಬಿಡಿಸುವಾಗ ಮೂಳೆಯ ಮೇಲ್ಮೈ ಕಿತ್ತು ಬರುತ್ತದೆ. ಗಾರೆಗೆ ತೂಕದಲ್ಲಿ 2 ಪಾಲು ನೀರಿಗೆ 3 ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಬೆಚ್ಚಗಿನ ನೀರು ಬೇಗ ಗಟ್ಟಿ ಮಾಡುತ್ತದೆ, ಬೇಸಿಗೆಯ ಮಧ್ಯಾಹ್ನ ಒಮ್ಮೆಗೆ ಹೆಚ್ಚು ಕಲಸಬೇಡಿ. ಗೋಣಿಪಟ್ಟಿಗಳನ್ನು ಅದ್ದಿ ಒಂದರ ಮೇಲೊಂದು ಅಡ್ಡಡ್ಡ ಹೊದಿಸಿ, ಅಂಚುಗಳನ್ನು ದಿಬ್ಬದ ಅಡಿಗೆ ಮಡಚಿ ಒತ್ತಿ. ಗಾರೆಯ ಕಟ್ಟು ಮೀಟರಿಗಿಂತ ಉದ್ದವಿದ್ದು, ಬಿದಿರಿನ ಗಳ ಸೇರಿಸದಿದ್ದರೆ ನಡುವೆ ಮುರಿಯುತ್ತದೆ. ಉದ್ದ ಮೂತಿಯ ಪ್ರಾಣಿಯಲ್ಲಿ ಹೀಗೆ ಮುರಿಯುವುದು ಸಾಮಾನ್ಯವಾಗಿ ಹೊಳ್ಳೆಯ ಮುಂದೆ, ಗುರುತಿಗೆ ಬೇಕಾದ ಜಾಗದಲ್ಲೇ!

ಪೂರ್ತಿ ಗಟ್ಟಿಯಾದ ಮೇಲೆ ಅಡಿಯನ್ನು ಎಲ್ಲ ಕಡೆಯಿಂದ ಸಮವಾಗಿ ಕೊರೆದು ಕಿರಿದಾದ ಕತ್ತು ಮಾತ್ರ ಉಳಿಸಿ, ಒಂದೇ ಸಲಕ್ಕೆ ಮಗುಚಿ. ಅತಿಯಾಗಿ ಕೊರೆದರೆ ಮಗುಚುವ ಮೊದಲೇ ಮಣ್ಣು ಮೂಳೆಸಮೇತ ಜಾರುತ್ತದೆ, ಕಡಿಮೆ ಕೊರೆದರೆ ಮಗುಚುವಾಗ ಮೂಳೆಯ ಅರ್ಧ ನೆಲದಲ್ಲೇ ಉಳಿಯುತ್ತದೆ. ಆಮೇಲೆ ಅಡಿಭಾಗಕ್ಕೂ ಗಾರೆ. ಕಟ್ಟಿನ ಮೇಲೆ ಸಂಖ್ಯೆ, ದಿನಾಂಕ, ಉತ್ತರದ ಬಾಣ, ಯಾವುದು ಮೇಲ್ಮುಖ ಎಂಬುದನ್ನು ಅಳಿಸದ ಶಾಯಿಯಲ್ಲಿ ಬರೆಯಿರಿ.

ಪ್ರಯೋಗಾಲಯದಲ್ಲಿ ಸೂಜಿ ಮತ್ತು ಗಾಳಿಯಿಂದ ನಡೆಯುವ ಕೊರೆಯುಳಿ ಸಾಕು. ಸುಣ್ಣದ ಗಟ್ಟಿ ಹೊದಿಕೆ ಇದ್ದರೆ ತೆಳು ಅಸಿಟಿಕ್ ಆಮ್ಲದಲ್ಲಿ ಇಡುವ ರೂಢಿ ಇದೆ. ಮೂಳೆಯ ಬಿರುಕುಗಳಲ್ಲೂ ಕ್ಯಾಲ್ಸೈಟ್ ತುಂಬಿದ್ದರೆ ಆಮ್ಲ ಅದನ್ನೂ ತಿನ್ನುತ್ತದೆ, ಮೂಳೆ ಕೈಯಲ್ಲೇ ಬಿಡಿಬಿಡಿಯಾಗುತ್ತದೆ. ಮೊದಲು ಬೆಲೆಯಿಲ್ಲದ ಒಂದು ಚೂರಿನ ಮೇಲೆ ಪ್ರಯೋಗಿಸಿ ನೋಡದೆ ಆಮ್ಲ ಮುಟ್ಟಬೇಡಿ.

ಪ್ರಶ್ನೆ: ಭಾರತದಲ್ಲಿ ಫೈಟೋಸಾರ್ ಎಂದರೆ ಇದೊಂದೇನಾ? (ಮಂಗಳೂರು)

ಅಲ್ಲ. ಮಧ್ಯಪ್ರದೇಶದ ಟಿಕಿ ಪದರಗಳಿಂದ 2021ರಲ್ಲಿ ವೋಲ್ಕೆನೊಸೂಕಸ್ ಸ್ಟ್ಯಾಟಿಸ್ಟಿಕೇ, 2023ರಲ್ಲಿ ಕೊಲೊಸೊಸೂಕಸ್ ಟೆಕ್ನಿಯೆನ್ಸಿಸ್ ವಿವರಿಸಲ್ಪಟ್ಟವು. ಎರಡನೆಯದು 8 ಮೀಟರಿಗೂ ಮಿಕ್ಕಿದ ದೈತ್ಯ, ಒಂದೇ ಕಡೆ ಅನೇಕ ಪ್ರಾಣಿಗಳ ಮೂಳೆಗಳು ಸಿಕ್ಕಿವೆ. ಮಾಲೇರಿಯ ಮೇಲಿರುವ ಧರ್ಮಾರಂ ಪದರಗಳಲ್ಲಿ ಮುಂದುವರಿದ ಬಗೆಯ ಫೈಟೋಸಾರ್‌ಗಳ ತುಂಡುಗಳಿವೆ. ಅದರ ಮೇಲಿನ ಕೋಟಾ ಪದರ ಜುರಾಸಿಕ್ ಕಾಲದ್ದು. ಅಲ್ಲಿಗೆ ಬಂದರೆ ಬರಪಾಸಾರಸ್, ಕೋಟಾಸಾರಸ್‌ನಂಥ ದೊಡ್ಡ ಡೈನೋಸಾರ್‌ಗಳಿವೆ, ಫೈಟೋಸಾರ್ ಇಲ್ಲ. ಸುಮಾರು 20.1 ಕೋಟಿ ವರ್ಷಗಳ ಹಿಂದೆ, ಅಟ್ಲಾಂಟಿಕ್ ತೆರೆಯಲು ಹೊರಟಾಗ ನಡೆದ ಭಾರೀ ಲಾವಾ ಹರಿವಿನ ಹೊತ್ತಿಗೆ, ಅವು ಲೋಕದ ಎಲ್ಲೆಡೆ ಅಳಿದವು.

ಪ್ರಶ್ನೆ: ನಾವು ಅರಿಜೋನಾದಲ್ಲಿದ್ದೇವೆ. ಇಲ್ಲಿನ ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ ಇದರ ಬಂಧುಗಳು ಸಿಗುತ್ತವೆ ಎಂದು ಕೇಳಿದೆವು. ಮಕ್ಕಳು ಒಂದು ಹಲ್ಲು ಎತ್ತಿಕೊಳ್ಳಬಹುದೇ? (ಫೀನಿಕ್ಸ್‌ನ ಕನ್ನಡಿಗರು)

ಎತ್ತಿಕೊಳ್ಳಬಾರದು. ರಾಷ್ಟ್ರೀಯ ಉದ್ಯಾನದಿಂದ ಕಲ್ಲಿನ ಚೂರು ತರುವುದೂ ಅಪರಾಧ, ಉಳಿದ ಕೇಂದ್ರ ಸರ್ಕಾರಿ ನೆಲದಲ್ಲೂ ಬೆನ್ನುಮೂಳೆಯ ಪ್ರಾಣಿಗಳ ಪಳೆಯುಳಿಕೆಗೆ 2009ರ ಕಾಯ್ದೆಯಂತೆ ಪರವಾನಗಿ ಬೇಕು. ಅಲ್ಲಿನ ಚಿನ್ಲೆ ಪದರಗಳಲ್ಲಿ ಸ್ಮೈಲೊಸೂಕಸ್, ಮಚೇರೊಪ್ರೊಸೋಪಸ್ ಎಂಬ ಫೈಟೋಸಾರ್‌ಗಳಿವೆ, ಪ್ಯಾರಾಸೂಕಸ್‌ಗಿಂತ ಈಚಿನವು, ದೊಡ್ಡವು. ವಸ್ತುಸಂಗ್ರಹದಲ್ಲಿ ಬುರುಡೆ ಕಂಡರೆ ಮಕ್ಕಳಿಗೆ ಮೂಗು ಎಲ್ಲಿದೆ ಎಂದು ಕೇಳಿ. ನೆಲದಲ್ಲಿ ಹಲ್ಲು ಕಂಡರೆ ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೆದು, ಜಾಗ ಗುರುತಿಸಿ ಅಲ್ಲಿನ ಸಿಬ್ಬಂದಿಗೆ ತಿಳಿಸಿ. ಭಾರತದಲ್ಲಾದರೂ ಇದೇ ಕ್ರಮ, ತಿಳಿಸಬೇಕಾದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಅಥವಾ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ.

ಪ್ರಶ್ನೆ: ಶಾಲೆಯ ವಸ್ತುಪ್ರದರ್ಶನಕ್ಕೆ ಪ್ಯಾರಾಸೂಕಸ್‌ನ ಜೇಡಿಮಣ್ಣಿನ ಮಾದರಿ ಮಾಡುತ್ತಿದ್ದೇವೆ. ಯಾವ ಅಳತೆ, ಯಾವ ತಪ್ಪು ತಪ್ಪಿಸಬೇಕು? (ವಿಜ್ಞಾನ ಸಂಘ, ಶಿರಸಿ)

ಹತ್ತನೇ ಒಂದು ಅಳತೆ ಅನುಕೂಲ: ಒಟ್ಟು 25 ಸೆಂಟಿಮೀಟರ್, ಅದರಲ್ಲಿ ಸುಮಾರು ಅರ್ಧ ಬಾಲ. ಬಾಲವನ್ನು ದುಂಡಗೆ ಉರುಳಿಸಬೇಡಿ, ಎರಡು ಬದಿಯಿಂದ ಒತ್ತಿ ಎತ್ತರವಾಗಿ, ಈಜಿಗೆ ಒಗ್ಗುವಂತೆ ಮಾಡಿ. ಮೂತಿಯ ಒಳಗೆ ತಂತಿ ಇಡದಿದ್ದರೆ ಒಣಗುವಾಗ ಬಾಗುತ್ತದೆ. ಬೆನ್ನಿನ ನಡುಗೆರೆಯ ಎರಡು ಬದಿಗೆ ಮೂಳೆಫಲಕಗಳ ಸಾಲು ಕತ್ತಿನಿಂದ ಬಾಲದವರೆಗೆ ಬರಲಿ. ಹಿಂಗಾಲಿಗೆ 5 ಬೆರಳು. ಮೊಸಳೆಯ ಫೋಟೋ ನೋಡಿ ಮಾಡುವವರು ಇಲ್ಲಿ 4 ಬೆರಳು ಮಾಡಿಬಿಡುತ್ತಾರೆ.

ಕಾಲುಗಳನ್ನು ಹಲ್ಲಿಯಂತೆ ಪೂರ್ತಿ ಪಕ್ಕಕ್ಕೆ ಚಾಚಬೇಡಿ. ಅಮೆರಿಕದ ನ್ಯೂಜೆರ್ಸಿಯ ಟ್ರಯಾಸಿಕ್ ಪದರಗಳಲ್ಲಿ ಅಪಟೋಪಸ್ ಎಂಬ ಹೆಜ್ಜೆಗುರುತುಗಳಿವೆ, ಅವು ಫೈಟೋಸಾರ್‌ನವೆಂದು ಹೆಚ್ಚಿನವರ ಅಭಿಪ್ರಾಯ. ಆ ಹೆಜ್ಜೆಸಾಲು ಕಿರಿದು, ಅಂದರೆ ನಡೆಯುವಾಗ ಹೊಟ್ಟೆಯನ್ನು ನೆಲದಿಂದ ಎತ್ತಿ, ಕಾಲುಗಳನ್ನು ಸಾಕಷ್ಟು ಮೈಯಡಿಗೆ ತಂದುಕೊಳ್ಳುತ್ತಿತ್ತು. ಮೂಗಿನ ಹೊಳ್ಳೆಗಳನ್ನು ಕಣ್ಣಿನ ಮುಂದೆ, ಸ್ವಲ್ಪ ಉಬ್ಬಿದ ಜಾಗದಲ್ಲಿ, ಆಕಾಶ ನೋಡುವಂತೆ ಕೊರೆಯಿರಿ. ಬಣ್ಣ ನಿಮ್ಮಿಷ್ಟ, ಚರ್ಮದ ಬಣ್ಣ ಉಳಿದು ಬಂದಿಲ್ಲ. ಪಕ್ಕದಲ್ಲಿ ಅದೇ ಅಳತೆಯ ಮಗ್ಗರ್ ಮೊಸಳೆಯ ತಲೆಯೊಂದನ್ನೂ ಮಾಡಿಟ್ಟರೆ ನೋಡುವವರಿಗೆ ಫಲಕದ ಬರಹ ಓದುವ ಮೊದಲೇ ವಿಷಯ ತಿಳಿಯುತ್ತದೆ.